ಐವತ್ತಾರು ಸುತ್ತಿನ ಮೋಟಾರು

ಅಕ್ಕಲಕೋಟೆಯ ಹೈಸ್ಕೂಲಿಗೆ ವೃತ್ತಿ ಶಿಕ್ಷಣದ ಮಾಸ್ತರನಾಗಿ ಸೇರಿದ ದಿನ ನನ್ನ ಕೈಯಲ್ಲಿ ಇಲೆಕ್ಟ್ರಿಕಲ್ ಡಿಪ್ಲೊಮಾದ ಪ್ರಮಾಣಪತ್ರವಿತ್ತು. ಆದರೆ ಸುಟ್ಟುಹೋದ ಒಂದು ಸೀಲಿಂಗ್ ಫ್ಯಾನನ್ನು ಬಿಚ್ಚಿ ಮತ್ತೆ ಜೋಡಿಸುವುದು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾರೆ. "ಸರ್, ನಮಗ ಪ್ರ್ಯಾಕ್ಟಿಕಲ್ ಅಷ್ಟ ಬರಂಗಿಲ್ರಿ, ಹ್ಯಾಂಗ ಮಾಡೂದು?" ಎಂದು ನಾಚಿಕೊಂಡು ಕೇಳುತ್ತಾರೆ. ನನಗೂ ಬರುತ್ತಿರಲಿಲ್ಲ. ಕಲಿಸುವವರು ಸಿಕ್ಕರು, ಬಂತು. ಮೂವತ್ತು ವರ್ಷದ ನೌಕರಿಯ ಬಗ್ಗೆ ಬರೆಯಲು ಕೂತರೆ ನನಗೆ ನೆನಪಾಗುವುದು ಹೆಚ್ಚಾಗಿ ಆ ಕಲಿಸಿದವರೇ. ಅವರಲ್ಲಿ ಒಬ್ಬಾಕೆಗೆ ಆಗಿನ್ನೂ ಹದಿನಾಲ್ಕು ವರ್ಷ.

ನಮ್ಮದು ಸೊಲ್ಲಾಪುರದ ವ್ಯಾಪಾರಸ್ಥರ ಮನೆತನ. ತಂದೆಯವರದು ಕಾಳುಕಡಿಯ ಅಂಗಡಿ. ಹಿರಿಯ ಮಗನಾದ ನಾನು ಅಂಗಡಿಯ ಗಾದಿಯ ಮೇಲೆ ಕೂರಲಿಲ್ಲವೆಂಬ ಬೇಸರ ಅವರಿಗಿತ್ತು. "ನಮ್ಮ ಗುರುಶಾಂತ ಸಾಲಿ ಮಾಸ್ತರ ಆಗ್ಯಾನ. ಅದೂ ವೈರ್ ಜೋಡ್ಸೋ ಮಾಸ್ತರ" ಎಂದು ಬೀಗರ ಮುಂದೆ ನಗುತ್ತಿದ್ದರು. ಬೆಳಗಿನ ಎಸ್‌ಟಿ ಬಸ್ಸು ಹಿಡಿದು ದಾರಿಯ ಕುಂಭಾರಿ ದಾಟುವಾಗ ಎದುರಿನ ಬಸ್ಸುಗಳಲ್ಲಿ ಹಳ್ಳಿಯವರೆಲ್ಲ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ನಾನೊಬ್ಬ ಊರು ಬಿಟ್ಟು ಆ ಕಡೆ ಹೋಗುತ್ತಿದ್ದೆ. ಕಿಟಕಿಯ ಪಕ್ಕ ಸೀಟು ಸಿಗುತ್ತಿತ್ತು, ಅದೊಂದು ಸುಖ.

ಶಾಲೆಯ ಹಿಂದುಗಡೆ ತಗಡಿನ ಪತ್ರಾ ಹೊದಿಸಿದ ಉದ್ದನೆಯ ಕೋಣೆಯೇ ವರ್ಕ್‌ಶಾಪು. ಎಂಟನೆಯದರಿಂದ ಹತ್ತನೆಯ ವರ್ಗದವರೆಗೆ ತಾಂತ್ರಿಕ ವಿಷಯ ತೆಗೆದುಕೊಂಡ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ನನ್ನ ಜೊತೆ ಅಲ್ಲಿ ದಸ್ತಗೀರ ಮಿಸ್ತ್ರಿ ಇದ್ದರು. ಶಾಲೆಯ ಕಾಗದದಲ್ಲಿ ಅವರು ವರ್ಕ್‌ಶಾಪಿನ ಸಹಾಯಕ. ಶಾಲೆಗೆ ಬರುವ ಮೊದಲು ಒಂದು ರಿವೈಂಡಿಂಗ್ ಅಂಗಡಿಯಲ್ಲಿ ಹದಿನೆಂಟು ವರ್ಷ ಮೋಟಾರು ಸುತ್ತಿದವರು. ನಾನು ಸೇರಿದ ವಾರವೇ ಶಿಕ್ಷಕರ ಕೋಣೆಯ ಫ್ಯಾನು ಕೆಟ್ಟಿತು. ಹೊಸ ಮಾಸ್ತರನ ಪರೀಕ್ಷೆಯೆಂಬಂತೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸ್ಟೂಲು ಹತ್ತಿ ಬಿಚ್ಚಿದೆ, ಕಂಡೆನ್ಸರ್ ಬದಲಿಸಿದೆ, ವೈರು ಜೋಡಿಸಿದೆ. ಫ್ಯಾನು ತಿರುಗಿತು. ಎಲ್ಲರೂ ಶಹಭಾಸ್ ಎಂದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರಾಗಿ ನೋಟು ವಹಿಯಿಂದ ಗಾಳಿ ಹಾಕಿಕೊಳ್ಳತೊಡಗಿದರು. ಬಾಗಿಲಲ್ಲಿ ನಿಂತಿದ್ದ ಮಿಸ್ತ್ರಿ ಮೆಲ್ಲಗೆ ಹೇಳಿದರು: "ಸರ್, ಪಂಖಾ ಉಲ್ಟಾ ತಿರಗಾಕತ್ತೈತಿ. ಗಾಳಿ ಎಲ್ಲಾ ಛತ್ತಿಗಿ ಹೊಂಟೈತ್ರಿ."

ಮಧ್ಯಾಹ್ನ ಎಲ್ಲರೂ ವರ್ಗಕ್ಕೆ ಹೋದಾಗ ಅವರೇ ಬಂದು ಎರಡು ವೈರು ಅದಲುಬದಲು ಮಾಡಿ ಹೋದರು. ಯಾರಿಗೂ ಹೇಳಲಿಲ್ಲ. ಅಂದಿನಿಂದ ನಾನು ದಿನಾಲು ಒಂದು ತಾಸು ಮೊದಲೇ ಶಾಲೆಗೆ ಬಂದು ಅವರ ಪಕ್ಕ ಕೂತು ಕೆಲಸ ಕಲಿತೆ. ಮಿಸ್ತ್ರಿಯವರು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ತಂತಿಯನ್ನು ಎರಡು ಬೆರಳ ನಡುವೆ ತಿಕ್ಕಿ ಅದು ಎಷ್ಟು ಗೇಜಿನದೆಂದು ಹೇಳುತ್ತಿದ್ದರು. ಮೈಕ್ರೊಮೀಟರ್ ಹಚ್ಚಿ ನೋಡಿದರೆ ಅದೇ ಇರುತ್ತಿತ್ತು.

ಕೆಲಸ ಕಲಿತೆ, ಆದರೆ ಮಾಸ್ತರಿಕೆ ಕಲಿಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ನಮ್ಮದು ಮರಾಠಿ ಮಾಧ್ಯಮದ ಶಾಲೆ. ಸುತ್ತಲಿನ ಹಳ್ಳಿಯ ಎಷ್ಟೋ ಮಕ್ಕಳು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ ಎಂಟನೆಯದಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ಮನೆಮಾತು ಕನ್ನಡವೇ. ಆದರೂ ಶಾಲೆಯಲ್ಲಿ ನಾನು ಮಕ್ಕಳೊಡನೆ ಒಂದು ಕನ್ನಡ ಮಾತು ಆಡುತ್ತಿರಲಿಲ್ಲ. ಆಡಿದರೆ ಹಳ್ಳಿಯವನು ಅನ್ನುತ್ತಾರೆ, ಮಾಸ್ತರನ ತೂಕ ಇಳಿಯುತ್ತದೆ ಎಂಬ ಭಾವನೆ. ಇನ್ನೊಂದು ತಪ್ಪೂ ಇತ್ತು. ತಾಂತ್ರಿಕ ವಿಷಯಕ್ಕೆ ನಾಲ್ಕೈದು ಹುಡುಗಿಯರು ಸೇರುತ್ತಿದ್ದರು. ಅವರಿಗೆ ನಾನು ಇಕ್ಕಳ, ಸುತ್ತಿಗೆಯಂಥ ಔಜಾರು ಕೊಡುತ್ತಿರಲಿಲ್ಲ. ಚಿತ್ರ ತೆಗೆಯುವುದು, ವಹಿ ಬರೆಯುವುದು, ಕೆಲಸ ಮುಗಿದ ಮೇಲೆ ಕಸ ಹೊಡೆಯುವುದು, ಇಷ್ಟೇ ಅವರ ಪಾಲಿನ ಪ್ರ್ಯಾಕ್ಟಿಕಲ್. ಕೈಗೆ ಪೆಟ್ಟಾದರೆ ಮನೆಯವರು ಕೇಳಿಯಾರು ಎಂಬುದು ನನ್ನ ಕಾರಣ. ಯಾವ ಮನೆಯವರೂ ಹಾಗೆ ಬಂದು ಕೇಳಿರಲಿಲ್ಲ.

ಆ ವರ್ಷ ಒಂಬತ್ತನೆಯ ವರ್ಗದಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಕನ್ನಡ ಶಾಲೆಯಿಂದ ಬಂದವಳು, ಮಾತು ಕಡಿಮೆ. ಅವಳ ತಂದೆ ಸಿದ್ರಾಮಪ್ಪ ಹತ್ತಿರದ ಹಳ್ಳಿಯ ರೈತರು, ಹೊಲಮನೆ ಇದ್ದ ಅನುಕೂಲಸ್ಥರು. ಒಂದು ದಿನ ಅವರು ಟೆಂಪೊದಲ್ಲಿ ತಮ್ಮ ಬಾವಿಯ ಐದು ಹಾರ್ಸ್‌ಪವರ್ ಮೋಟಾರನ್ನು ಹೇರಿಕೊಂಡು ಶಾಲೆಗೇ ಬಂದರು. ಮೋಟಾರು ಸುಟ್ಟಿತ್ತು.

"ಸೊಲ್ಲಾಪುರಕ್ಕ ಒಯ್ಯಾಂವ ಇದ್ನಿರಿ ಸರ್" ಎಂದರು. "ನಮ್ಮ ಕಸ್ತೂರಿ ಅಂದ್ಲು, ನಮ್ಮ ಸಾಲ್ಯಾಗ ಮಾಡ್ತಾರಪ್ಪಾ, ಅಲ್ಲೇ ಕೊಡು ಅಂತ. ಉಳ್ಳಾಗಡ್ಡಿ ಅಗಿ ಹಾಕೀನಿ. ಎಂಟ ದಿನದಾಗ ಆಗಬೇಕ್ರಿ."

ಈರುಳ್ಳಿ ಸಸಿಯ ಮಡಿಗೆ ನೀರು ತಪ್ಪುವಂತಿಲ್ಲವೆಂದು ನನಗೂ ಗೊತ್ತಿತ್ತು. ನಾನು ಉಬ್ಬಿಹೋದೆ. ಅಲ್ಲಿಯವರೆಗೆ ನಮಗೆ ಬರುತ್ತಿದ್ದುದು ಫ್ಯಾನು, ಮಿಕ್ಸರು. ಒಬ್ಬ ರೈತರು ಬಾವಿಯ ಮೋಟಾರನ್ನೇ ನಂಬಿ ಕೊಟ್ಟಿದ್ದರು. "ಎಂಟು ದಿನ ಸಾಕು" ಎಂದು ಮಾತು ಕೊಟ್ಟೆ.

ರಿವೈಂಡಿಂಗ್ ಕೆಲಸದ ಮೊದಲ ನಿಯಮ ಹೀಗಿದೆ. ಮೋಟಾರಿನ ಒಳಗಿನ ಸೀಳುಗಳಲ್ಲಿ ತಾಮ್ರದ ತಂತಿಯ ಕಾಯಿಲುಗಳು ಕೂತಿರುತ್ತವೆ. ಸುಟ್ಟ ಕಾಯಿಲುಗಳನ್ನು ಕಿತ್ತೆಸೆಯುವ ಮೊದಲು ಒಂದೊಂದರಲ್ಲಿ ತಂತಿ ಎಷ್ಟು ಸುತ್ತು ಇದೆ, ಎಷ್ಟು ದಪ್ಪ ಇದೆ ಎಂದು ಎಣಿಸಿ, ಅಳೆದು ಬರೆದಿಟ್ಟುಕೊಳ್ಳಬೇಕು. ಹೊಸದನ್ನು ಅಷ್ಟೇ ಸುತ್ತಬೇಕು. ಸುತ್ತು ಕಡಿಮೆಯಾದರೆ ಮೋಟಾರು ಮಿತಿಮೀರಿ ಕರೆಂಟು ಎಳೆದು ಮತ್ತೆ ಸುಡುತ್ತದೆ. ಇದನ್ನು ಮಕ್ಕಳಿಗೆ ನೂರು ಸಲ ಹೇಳಿದ್ದವನು ನಾನೇ.

ಆದರೆ ಮುಂದಿನ ವಾರ ಜಿಲ್ಲೆಯಿಂದ ಸಾಹೇಬರು ತಪಾಸಣೆಗೆ ಬರುವುದಿತ್ತು. ಅವರ ಮುಂದೆ ಮಕ್ಕಳು ಸುತ್ತಿದ ದೊಡ್ಡ ಮೋಟಾರನ್ನು ಓಡಿಸಬೇಕೆಂಬ ಆಸೆ ನನಗೆ. ಮಿಸ್ತ್ರಿ ಅಂದು ರಜೆಯಲ್ಲಿದ್ದರು. ಹುಡುಗರಿಗೆ ತಂತಿ ಕಡಿಯುವ ಛಿನ್ನಿ, ಸುತ್ತಿಗೆ ಕೊಟ್ಟು, "ಕಡದ ತಗೀರಿ, ಬೇಗ ಬೇಗ" ಎಂಬ ಅರ್ಥದಲ್ಲಿ ಮರಾಠಿಯಲ್ಲಿ ಅವಸರ ಮಾಡಿದೆ. ಅವರು ಕಡಿದರು, ಜಗ್ಗಿದರು. ಹುಡುಗಿಯರು ಗುಡಿಸಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದರು. ಸುತ್ತು ಎಣಿಸಿಲ್ಲವೆಂಬುದು ನನಗೆ ಹೊಳೆದದ್ದು ಮರುದಿನ ಬೆಳಿಗ್ಗೆ, ಬಸ್ಸಿನಲ್ಲಿ. ಶಾಲೆಗೆ ಓಡಿ ಚೀಲ ಸುರುವಿದೆ. ತಂತಿಯ ತುಂಡುಗಳೆಲ್ಲ ಕಲಸಿಹೋಗಿದ್ದವು. ಮೋಟಾರಿನ ಮೇಲಿನ ಪಟ್ಟಿಯ ಅಕ್ಷರಗಳು ಸವೆದಿದ್ದವು.

ತಪ್ಪಾಯಿತೆಂದು ಅಂದೇ ಹೇಳಬಹುದಿತ್ತು. ನಾನು ಡಿಪ್ಲೊಮಾದ ಪುಸ್ತಕ ತೆಗೆದೆ. ಲೆಕ್ಕ ಹಾಕಿ, ಕಾಯಿಲಿಗೆ ನಲವತ್ತೆಂಟು ಸುತ್ತು ಎಂದು ತೀರ್ಮಾನಿಸಿದೆ. ರಜೆಯಿಂದ ಬಂದ ಮಿಸ್ತ್ರಿ ಕಾಯಿಲು ಇಳಿಸುವಾಗ ಸೀಳಿನಲ್ಲಿ ಬೆರಳಾಡಿಸಿ, "ಸರ್, ಸಡ್ಲ ಕುಂದ್ರಾಕತ್ತೈತಿ. ಜಾಗಾ ಉಳೀತದಲ್ರಿ" ಎಂದರು. "ಲೆಕ್ಕ ಮಾಡೀನಿ ಚಾಚಾ" ಎಂದೆ. ಓದಿದವನ ಲೆಕ್ಕವೆಂದು ಅವರು ಸುಮ್ಮನಾದದ್ದು ನನಗೆ ಇಂದಿಗೂ ಚುಚ್ಚುತ್ತದೆ.

ಸಾಹೇಬರು ಬಂದಾಗ ಮೋಟಾರು ವರ್ಕ್‌ಶಾಪಿನಲ್ಲಿ ಐದು ನಿಮಿಷ ತಿರುಗಿತು. ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ಎರಡು ದಿನದ ಮೇಲೆ ಸಿದ್ರಾಮಪ್ಪನವರ ಬಾವಿಯ ಮೇಲೆ ಅರ್ಧ ತಾಸು ಓಡಿ ಹೊಗೆ ಉಗುಳಿ ನಿಂತಿತು.

ಅವರು ಅದೇ ಟೆಂಪೊದಲ್ಲಿ ಮತ್ತೆ ಬಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಸರ್, ಎಂಟ ದಿನ ಅಂದಿದ್ರಿ, ಹದಿನೈದಾತು. ಬಾಜೂದವ್ರ ನೀರ ಎಷ್ಟ ದಿನಾ ಬೇಡ್ಲಿ? ಅಗಿ ಬಾಡಾಕತ್ತಾವ. ನಿಮಗ ಆಗಂಗಿಲ್ಲಂದ್ರ ಖರೇ ಹೇಳ್ರಿ, ನಾ ಸೊಲ್ಲಾಪುರಕ್ಕ ಒಯ್ತೀನಿ."

"ಎರಡ ದಿನಾ ಕೊಡ್ರಿ" ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ ಗೊತ್ತಿಲ್ಲ. ಅವರು ಮಗಳ ಕಡೆ ಒಮ್ಮೆ ನೋಡಿ ಹೊರಟುಹೋದರು. ನಾನು ಕಪ್ಪಾದ ಮೋಟಾರಿನ ಮುಂದೆ ಕೂತೆ. ಮಕ್ಕಳು ಒಬ್ಬೊಬ್ಬರಾಗಿ ಜಾರಿಕೊಂಡರು. ಕಸ್ತೂರಿ ಬಾಗಿಲಲ್ಲೇ ನಿಂತಿದ್ದಳು.

"ಸರ್, ಹಳೇದ್ರಾಗ ಐವತ್ತಾರ ಇದ್ದೂರಿ."

"ಏನ ಐವತ್ತಾರು?"

"ಸುತ್ತರಿ. ಒಂದ ಕಾಯಿಲ್‌ಗಿ."

"ನಿನಗ್ಹ್ಯಾಂಗ ಗೊತ್ತು?" ನಾನು ಕನ್ನಡದಲ್ಲೇ ಕೇಳುತ್ತಿದ್ದೇನೆಂಬುದು ನನಗೂ ಅರಿವಾಗಿರಲಿಲ್ಲ.

"ಕಸಾ ಹೊಡಿಯೋ ಮುಂದ ಎಣಿಸೀನ್ರಿ. ಚೀಲಕ್ಕ ತುಂಬೂಕಿಂತ ಮೊದಲ ಎರಡ ಕಟ್ಟ ಎಣಿಸಿದ್ನಿ. ಎರಡರಾಗೂ ಐವತ್ತಾರ ಇತ್ತು."

"ಮತ್ತ ಅವಾಗ ಯಾಕ ಹೇಳ್ಲಿಲ್ಲ?"

ಅವಳು ತಲೆ ತಗ್ಗಿಸಿದಳು. "ವಹಿನ್ಯಾಗ ಬರದಿದ್ನಿರಿ. ಆ ಪಾನ ನೀವ ಹರದ್ರಿ."

ಆಗ ನೆನಪಾಯಿತು. ಅಂದು ಸಂಜೆ ವಹಿ ತಪಾಸಣೆ ಮಾಡುವಾಗ ಅವಳ ಪುಟ ಪೂರ್ತಿ ಕನ್ನಡದಲ್ಲಿತ್ತು. ಬೋರ್ಡಿನ ಪರೀಕ್ಷೆ ಮರಾಠಿಯಲ್ಲಿ, ಸಾಹೇಬರು ಬೇರೆ ಬರುತ್ತಿದ್ದಾರೆ, ಇದೇನು ಇದು ಎಂದು ನಾನು ಆ ಪುಟವನ್ನು ಓದದೆಯೇ ಹರಿದು, ಮರಾಠಿಯಲ್ಲಿ ಬರೆದು ತಾ ಎಂದಿದ್ದೆ. ಸುತ್ತು ಎಂಬುದಕ್ಕೆ ಮರಾಠಿ ಮಾತು ಅವಳಿಗೆ ಗೊತ್ತಿರಲಿಲ್ಲ. ಅದೊಂದು ಸಾಲು ಬಿಟ್ಟು ಉಳಿದದ್ದನ್ನು ಬರೆದು ತಂದಿದ್ದಳು. ನಾನು ಅದಕ್ಕೆ ಸಹಿ ಹಾಕಿದ್ದೆ.

ಅವರ ಮನೆಯದೇ ಮೋಟಾರು. ಅವರ ಮನೆಯದೇ ಸಸಿ. ನಾನು ನಲವತ್ತೆಂಟು ಸುತ್ತು ಸುತ್ತಿಸುತ್ತಿದ್ದಾಗ ಆ ಹುಡುಗಿ ಐವತ್ತಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮೂಲೆಯಲ್ಲಿ ಚಿತ್ರ ತೆಗೆಯುತ್ತ ಕೂತಿದ್ದಳು. ಮಾಸ್ತರು ತಪ್ಪುತ್ತಾರೆಂದು ಅವಳು ಹೇಗೆ ಅಂದುಕೊಂಡಾಳು?

ಮಿಸ್ತ್ರಿ ಸೀಳಿನಲ್ಲಿ ಮತ್ತೆ ಬೆರಳಾಡಿಸಿದರು. "ಹುಡಗಿ ಬರೋಬ್ಬರಿ ಹೇಳ್ಯಾಳ ಸರ್. ಐವತ್ತಾರ ಅಂದ್ರ ಜಾಗಾ ಪೂರಾ ತುಂಬತೈತಿ." ಆಮೇಲೆ ನನ್ನ ಮುಖ ನೋಡದೆ, "ಈ ಸಲ ಈಕಿ ಕೈಲೆ ಸುತ್ತಸ್ರಿ" ಎಂದರು.

ಎರಡು ದಿನ ಕಸ್ತೂರಿ ಕಾಯಿಲು ಸುತ್ತಿದಳು. ಸುತ್ತುವ ಯಂತ್ರದ ಹಿಡಿಕೆ ತಿರುಗಿಸುತ್ತ ಕನ್ನಡದಲ್ಲಿ ಗಟ್ಟಿಯಾಗಿ ಎಣಿಸಿದಳು. ಉಳಿದ ಹುಡುಗಿಯರೂ ಬಂದು ಸೀಳಿಗೆ ಹಾಸುವ ಕಾಗದ ಕತ್ತರಿಸಿದರು, ದಾರ ಕಟ್ಟಿದರು. ಮೂರನೆಯ ದಿನ ನಾನು, ಮಿಸ್ತ್ರಿ, ಕಸ್ತೂರಿ ಮೂವರೂ ಮೋಟಾರಿನ ಜೊತೆ ಟೆಂಪೊ ಹತ್ತಿ ಅವರ ಹೊಲಕ್ಕೆ ಹೋದೆವು. ಸ್ವಿಚ್ ಹಾಕಿದ ಮೇಲೆ ನಾನು ಎರಡು ತಾಸು ಮೋಟಾರಿನ ಪಕ್ಕದಿಂದ ಏಳಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಅದರ ಮೈ ಮುಟ್ಟಿ ನೋಡುತ್ತಿದ್ದೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ಬಿಸಿ ಏರಲಿಲ್ಲ. ನೀರು ಕಾಲುವೆ ಹಿಡಿದು ಮಡಿಗೆ ಹೋಯಿತು. ಅಂಚಿನ ಸಸಿ ಒಂದಿಷ್ಟು ಹೋಗಿದ್ದವು, ಉಳಿದವು ಬದುಕಿದವು.

ಸಿದ್ರಾಮಪ್ಪ ಊಟಕ್ಕೆ ಎಬ್ಬಿಸಿದರು. ರೊಟ್ಟಿ ಮುರಿಯುತ್ತ ನಾನು ಎಲ್ಲವನ್ನೂ ಹೇಳಿದೆ, ಹರಿದ ಪುಟದ ಸಂಗತಿಯನ್ನೂ. ಅವರು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟರು. ಆಮೇಲೆ, "ಈಕಿ ಮನ್ಯಾಗೂ ಹೇಳ್ಲಿಲ್ರಿ ಸರ್. ಸರ್ ಬೈದ್ರು ಅಂತಾನೂ ಹೇಳ್ಲಿಲ್ಲ" ಎಂದಷ್ಟೇ ಹೇಳಿ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ನಮ್ಮ ಮುಖ್ಯಾಧ್ಯಾಪಕಿ ದೇಶಪಾಂಡೆ ಬಾಯಿಯವರು ಶಿಸ್ತಿನವರು. ಅವರಿಗೆ ಹೇಳುವುದು ಸಿದ್ರಾಮಪ್ಪನವರಿಗೆ ಹೇಳಿದ್ದಕ್ಕಿಂತ ಕಷ್ಟವಾಗಿತ್ತು. ಸಾಹೇಬರ ಮುಂದೆ ಓಡಿದ ಮೋಟಾರು ತಪ್ಪು ಮೋಟಾರಾಗಿತ್ತು ಎಂದೆ. ಮೆಮೊ ಕೊಡುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಚುಕಲಂ ನಾ? ಮಗ ತೇ ವರ್ಗಾತ ಸಾಂಗಾ" ಎಂದರು. ತಪ್ಪಿದಿರಲ್ಲವೆ, ಹಾಗಾದರೆ ಅದನ್ನು ವರ್ಗದಲ್ಲಿ ಹೇಳಿ ಎಂದು. ಇಷ್ಟೇ. ಮತ್ತೆ ಕನ್ನಡಕ ಹಾಕಿಕೊಂಡು ತಮ್ಮ ಕಾಗದ ನೋಡತೊಡಗಿದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರಷ್ಟು ದೊಡ್ಡ ಮಾತನ್ನು ಅಷ್ಟು ಚಿಕ್ಕದಾಗಿ ಹೇಳಿದವರು ಇನ್ನೊಬ್ಬರಿಲ್ಲ.

ವರ್ಗದಲ್ಲಿ ಹೇಳಿದೆ. ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಕನ್ನಡದಲ್ಲಿ ಶುರು ಮಾಡಿದಾಗ ಹಿಂದಿನ ಬೆಂಚಿನ ಹುಡುಗರು ತಲೆ ಎತ್ತಿದ್ದನ್ನು ನಾನು ನೋಡಿದೆ. ಅವರು ಪಾಠದ ವೇಳೆ ತಲೆ ಎತ್ತುವವರೆಂದೇ ನನಗೆ ಗೊತ್ತಿರಲಿಲ್ಲ. ಮರುದಿನ ವರ್ಕ್‌ಶಾಪಿನ ಗೋಡೆಗೆ ಒಂದು ಹಲಗೆಯ ಫಳಿ ಬಂತು: ಕೆಲಸದ ಮಾತುಗಳು ಎಡಗಡೆ ಕನ್ನಡದಲ್ಲಿ, ಬಲಗಡೆ ಮರಾಠಿಯಲ್ಲಿ. ಬರೆದವಳು ಕಸ್ತೂರಿ. ಸುತ್ತು ಎಂಬುದಕ್ಕೆ ಮರಾಠಿಯಲ್ಲಿ ವೇಢಾ ಎನ್ನುತ್ತಾರೆ. "ನೆಪ್ಪ ಉಳಿಯಂಗಿಲ್ರಿ" ಎಂದು ಒಬ್ಬ ಹುಡುಗ ಗೊಣಗಿದ. ಮಿಸ್ತ್ರಿ ತಟ್ಟನೆ, "ಯಾಕೋ, ಮಂಗಳವೇಢೆ ಬಸ್ಸ ನೋಡಿಲ್ಲೇನ? ಅದರ ಬೋರ್ಡಿನ್ಯಾಗ ಬರದಿರ್ತೈತಿ ನೋಡ" ಎಂದರು. ಆಮೇಲೆ ಯಾರೂ ಆ ಶಬ್ದ ಮರೆಯಲಿಲ್ಲ. ಆ ವರ್ಷದಿಂದ ಹುಡುಗಿಯರ ಕೈಗೂ ಔಜಾರು ಬಂತು, ಹುಡುಗರ ಕೈಗೂ ಕಸಬರಿಗೆ ಬಂತು.

ಕಸ್ತೂರಿ ಹತ್ತನೆಯದು ಮುಗಿಸಿ ಐಟಿಐಗೆ ಹೋದಳು. ಒಂದೆರಡು ವರ್ಷ ಸೊಲ್ಲಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದಳು. ಈಗ ಮಂಗಳವೇಢೆ ಹತ್ತಿರದ ಮರವಡೆಯಲ್ಲಿದ್ದಾಳೆ, ತುಂಬಿದ ಮನೆಯ ಹಿರಿಯ ಸೊಸೆ. ವೈಂಡಿಂಗ್ ಅವಳ ಉದ್ಯೋಗವಾಗಲಿಲ್ಲ. ಒಮ್ಮೆ ಮಂಗಳವೇಢೆಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಅವಳ ಅತ್ತೆಯೇ ಹೇಳಿದರು: "ಬಾವಿ ಮೋಟಾರ ನಿಂತ್ರ ನಮ್ಮ ಮನ್ಯಾಗ ಗಂಡಸ್ರ ಈಕೀನ ಕರೀತಾರ್ರಿ." ಅಷ್ಟು ಸಾಕಾಯಿತು ನನಗೆ.

ಉಳಿದ ವರ್ಷಗಳ ಬಗ್ಗೆ ಹೇಳಲು ಬೇಕಾದಷ್ಟಿದೆ. ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಊರೂರು ತಿರುಗಿದೆ. ಒಂದು ಶಾಲೆಯಲ್ಲಿ ಮಕ್ಕಳು ತಾವೇ ಸುತ್ತಿದ್ದೆಂದು ತೋರಿಸಿದ ಫ್ಯಾನಿನ ಒಳಗೆ, ಹಿಂದಿನ ವಾರ ಬೇರೆ ಊರಿನ ಶಾಲೆಯಲ್ಲಿ ನಾನೇ ಹಾಕಿದ ಸಹಿ ಇತ್ತು. ಅಲ್ಲಿನ ಮಾಸ್ತರರು ಬೆವರಿದರು. ನಾನು ಮಕ್ಕಳಿಗೆ ಒಂದು ಸುಟ್ಟ ಕಾಯಿಲು ಕೊಟ್ಟು, "ಇದನ್ನ ಎಣಸ್ರಿ" ಎಂದೆ. ಎಣಿಸಿದರು. ಅದಕ್ಕೇ ಗುಣ, ಅಂದರೆ ಅಂಕ, ಕೊಟ್ಟೆ. ಮಿಸ್ತ್ರಿಯವರು ನಿವೃತ್ತರಾದ ದಿನ ಭಾಷಣ ಬೇಡವೆಂದು ಹಟ ಹಿಡಿದು, ಕೊನೆಯ ತಾಸು ಎಂಟನೆಯ ವರ್ಗಕ್ಕೆ ಗಂಟು ಹಾಕುವುದನ್ನು ಕಲಿಸಿ ಮನೆಗೆ ಹೋದರು. ಅವರ ಜಾಗಕ್ಕೆ ಮತ್ತೆ ಯಾರೂ ಬರಲಿಲ್ಲ. ಆಮೇಲೆ ವಿಷಯದ ಹೆಸರು ಬದಲಾಯಿತು, ಪಠ್ಯ ಬದಲಾಯಿತು. ಮೋಟಾರು ಸುತ್ತುವುದು ಕಡಿಮೆಯಾಗಿ ಎಲ್‌ಇಡಿ ದೀಪ, ಸೋಲಾರ್ ತಟ್ಟೆ ಬಂದವು. ಗೋಡೆಗೆ ದೊಡ್ಡ ಪರದೆ ಬಂತು. ವಿಡಿಯೊದಲ್ಲಿ ಎಲ್ಲವೂ ಮೊದಲ ಸಲಕ್ಕೇ ಸರಿಯಾಗುತ್ತದೆ. ಅದನ್ನು ತೋರಿಸಿ, ಆಮೇಲೆ ಪರದೆ ಆರಿಸಿ, ಮಕ್ಕಳ ಕೈಗೆ ಸಾಮಾನು ಕೊಡಿ ಎಂದು ಹೊಸಬರಿಗೆ ಹೇಳುತ್ತಿರುತ್ತೇನೆ. ಮಕ್ಕಳು ಮಾಡುವ ತಪ್ಪು ವಿಡಿಯೊದಲ್ಲಿ ಇರುವುದಿಲ್ಲ.

ಕೊನೆಯದಾಗಿ ಒಂದು ಘಟನೆ. ಇದನ್ನು ಮನೆಯಲ್ಲಿ ಪೂರ್ತಿ ಹೇಳಿಲ್ಲ.

ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಮಧ್ಯಾಹ್ನದ ಪಾಳಿ, ಒಂಬತ್ತನೆಯ ವರ್ಗ. ಯಾರೋ ಬರುತ್ತಾರೆಂದು ವರ್ಕ್‌ಶಾಪಿನ ನೆಲ ತೊಳೆದಿದ್ದರು, ಇನ್ನೂ ಹಸಿಯಿತ್ತು. ಕೈಯಲ್ಲಿ ಹಿಡಿದು ತೂತು ಕೊರೆಯುವ ಡ್ರಿಲ್ ಯಂತ್ರ ತಡೆತಡೆದು ಓಡುತ್ತಿತ್ತು. ಏನಾಗಿದೆ ನೋಡೋಣವೆಂದು, ಪ್ಲಗ್ಗು ಕೀಳದೆ, ಮಾತಾಡುತ್ತಲೇ ಅದನ್ನು ಎತ್ತಿಕೊಂಡೆ. ಒಳಗೆ ಅರ್ಥಿಂಗ್ ವೈರು ಕಡಿದಿತ್ತು. ಕೈ ಯಂತ್ರಕ್ಕೆ ಅಂಟಿತು. ಬಿಡಬೇಕೆಂದರೂ ಮುಷ್ಟಿ ಬಿಚ್ಚುತ್ತಿಲ್ಲ, ಕೂಗಬೇಕೆಂದರೆ ಗಂಟಲಲ್ಲಿ ದನಿಯಿಲ್ಲ. ಮಕ್ಕಳ ಮುಖಗಳು ಕಾಣುತ್ತಿದ್ದವು. ಮುಂದಿನ ಬೆಂಚಿನ ಹುಡುಗಿ ನನ್ನ ಕಡೆ ಕೈ ಚಾಚಿದ್ದು ಕಂಡಿತು. ಮುಟ್ಟಬೇಡ ಎಂದು ಹೇಳಲಾಗಲಿಲ್ಲ.

"ಏ ಮುಟ್ಟಬ್ಯಾಡ! ಮೇನ್ ತಗೀತೀನಿ!" ಎಂದು ಕೂಗಿದವನು ಲಕ್ಷ್ಮೀಪುತ್ರ, ವರ್ಗದಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿ ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುತ್ತಿದ್ದವನು. ಬೆಂಚು ಹಾರಿ ಬೋರ್ಡಿಗೆ ಓಡಿ ಮೇನ್ ಸ್ವಿಚ್ಚು ಕೆಳಗೆಳೆದ. ನಾನು ನೆಲಕ್ಕೆ ಬಿದ್ದೆ. ಕಣ್ಣು ಬಿಟ್ಟಾಗ ಮಕ್ಕಳು ನನ್ನನ್ನು ಒಣ ರಬ್ಬರ್ ಮ್ಯಾಟಿನ ಮೇಲೆ ಎಳೆದಿದ್ದರು. ಆ ಹುಡುಗಿ ನನ್ನ ಅಂಗೈ ಹಿಡಿದು ಅಳುತ್ತಿದ್ದಳು. ಸರಕಾರಿ ದವಾಖಾನೆಯಲ್ಲಿ ಇಸಿಜಿ ತೆಗೆದರು. ಅಂಗೈ ಸುಟ್ಟಿತ್ತು, ಬೇರೇನೂ ಆಗಿರಲಿಲ್ಲ. "ಯಾರ ಮೇನ್ ತಗದವ್ರು?" ಎಂದು ಡಾಕ್ಟರು ಕೇಳಿದರು. "ನಮ್ಮ ಹುಡುಗ" ಎಂದೆ.

ಎರಡು ದಿನದ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ವರ್ಗಕ್ಕೆ ಹೋದೆ. ಮಕ್ಕಳು ಎದ್ದು ನಿಂತರು, ಕೂತರು. ಎಲ್ಲರಿಗೂ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಲಕ್ಷ್ಮೀಪುತ್ರ ಕೈ ಎತ್ತಿದ.

"ಸರ್, ಒಂದ್ ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ."

"ಕೇಳಪ್ಪ."

"ಅವತ್ತ ನೀವ ಪ್ಲಗ್ ತಗದಿದ್ದಿಲ್ರಿ."

"ಹೌದು, ತಗದಿದ್ದಿಲ್ಲ."

"ನಾವ ಪ್ಲಗ್ ತಗೀಲಾರದ ಮಶೀನ ಹಿಡದ್ರ ನೀವ ಎರಡ ಮಾರ್ಕ ಕಟ್ ಮಾಡ್ತೀರಿ."

ನಾನು ಮೇಜಿನಿಂದ ಗುಣಗಳ ರಜಿಸ್ಟರ್ ತೆಗೆದೆ. ಒಂಬತ್ತನೆಯ ವರ್ಗದ ಪಟ್ಟಿಯಲ್ಲಿ ಕೊನೆಯ ಹೆಸರಿನ ಕೆಳಗೆ ಎಡಗೈಯಿಂದ ಡೊಂಕುಡೊಂಕಾಗಿ ನನ್ನ ಹೆಸರು ಬರೆದೆ, ಸುರಕ್ಷತೆಯ ಕಾಲಂನಲ್ಲಿ ಎರಡು ಗುಣ ಕಡಿದೆ. ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಲಕ್ಷ್ಮೀಪುತ್ರ ನಗಲಿಲ್ಲ. ಎದ್ದು ಬಂದು, ರಜಿಸ್ಟರಿನ ಮೇಲೆ ಬಾಗಿ, ಸರಿಯಾಗಿದೆಯೆ ಎಂದು ನೋಡಿದ.

"ತಾರೀಖ ಹಾಕ್ರಿ ಸರ್" ಎಂದ.

ಹಾಕಿದೆ.